ರಿಚ್ಮಂಡ್ ಕೆಸರಿನ ಅರ್ಧಂಬರ್ಧ ಕೆಲಸ

ನಾಟಿ ಗದ್ದೆಗೆ ಇಳಿದವರಿಗೆ ಇದು ಗೊತ್ತು. ಕೆಸರಿನಿಂದ ಕಾಲು ಕಿತ್ತರೆ ಬುಳುಬುಳು ಗುಳ್ಳೆ ಏಳುತ್ತದೆ, ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯುತ್ತದೆ. ಮೇಲೆ ತೆಳ್ಳಗೆ ಕಂದು ಪದರ, ಅದರಡಿ ಕಾಡಿಗೆಯಂಥ ಕಪ್ಪು. ಕಪ್ಪು ಶುರುವಾಯಿತೆಂದರೆ ಆಮ್ಲಜನಕ ಮುಗಿಯಿತೆಂದು ಲೆಕ್ಕ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಂಡೆಗೆ ಇಳಿತದ ಹೊತ್ತಿನಲ್ಲಿ ಹೋದರೂ ಅದೇ ಕಪ್ಪು, ಅದೇ ನಾತ.

ಆ ಕೊಲ್ಲಿಯ ರಿಚ್ಮಂಡ್ ಬಂದರಿನಲ್ಲಿ ಲಾರಿಟ್ಸನ್ ಕಾಲುವೆ ಎಂಬುದೊಂದಿದೆ. ಅದರ ಪಕ್ಕದಲ್ಲಿ 1947ರಿಂದ 1966ರವರೆಗೆ ಕೀಟನಾಶಕಗಳನ್ನು ಅರೆದು, ಬೆರೆಸಿ, ಚೀಲಕ್ಕೆ ತುಂಬುವ ಕೆಲಸ ನಡೆಯಿತು. ಜಾಗಕ್ಕೆ ಈಗಲೂ ಯುನೈಟೆಡ್ ಹೆಕಥಾರ್ನ್ ಎಂದೇ ಹೆಸರು. ಸರಕಿನಲ್ಲಿ ಬಹುಪಾಲು ಡಿಡಿಟಿ. ಚೆಲ್ಲಿದ್ದು, ತೊಳೆದದ್ದು ಕಾಲುವೆ ಸೇರಿತು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. 1990ರಲ್ಲಿ ಈ ಜಾಗ ಸೂಪರ್‌ಫಂಡ್ ಪಟ್ಟಿಗೆ, ಅಂದರೆ ಶುದ್ಧಿ ಮಾಡಲೇಬೇಕೆಂದು ಸರ್ಕಾರ ಗುರುತಿಸಿದ ವಿಷತಾಣಗಳ ಪಟ್ಟಿಗೆ, ಬಂತು. 1996–97ರಲ್ಲಿ ಒಂದು ಲಕ್ಷ ಘನ ಗಜಕ್ಕೂ ಹೆಚ್ಚು ಕೆಸರನ್ನು ಬಾಚಿ ಸಾಗಿಸಿದರು. ಕೆಲವು ವರ್ಷ ಬಿಟ್ಟು ಅಳೆದರೆ, ತಳದಲ್ಲಿ ಮತ್ತೆ ಡಿಡಿಟಿ.

ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿಗೇನು ಬರವೇ? ಇಷ್ಟು ದಶಕಗಳಲ್ಲಿ ಅವು ಇದನ್ನು ತಿಂದು ಮುಗಿಸಬಾರದಿತ್ತೇ? ಈ ‘ತಿನ್ನುವುದು’ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಗಾಳಿಯಿಲ್ಲದ ಕೆಸರಿನಲ್ಲಿ ಕೆಲವು ಜೀವಿಗಳು ಕ್ಲೋರಿನ್ ವಿಷವನ್ನು ತಿನ್ನುವುದಿಲ್ಲ, ಉಸಿರಾಡುತ್ತವೆ.

ನಾವು ಉಂಡ ಅನ್ನದಿಂದ ದೇಹ ಎಲೆಕ್ಟ್ರಾನುಗಳನ್ನು ಕೀಳುತ್ತದೆ. ಕಿತ್ತದ್ದನ್ನು ಕೊನೆಗೆ ಎಲ್ಲಾದರೂ ಇಳಿಸಬೇಕು. ನಾವು ಇಳಿಸುವುದು ಆಮ್ಲಜನಕದ ಹೆಗಲಿಗೆ. ಕಪ್ಪು ಕೆಸರಿನವರಿಗೆ ಆ ಭಾಗ್ಯವಿಲ್ಲ. ನೈಟ್ರೇಟ್, ಕಬ್ಬಿಣ, ಸಲ್ಫೇಟ್, ಹೀಗೆ ಸಿಕ್ಕ ಹೆಗಲಿಗೆ ಇಳಿಸುತ್ತಾರೆ. (ಆ ಕೊಳೆತ ಮೊಟ್ಟೆಯ ನಾತ ಸಲ್ಫೇಟ್ ಬಳಸುವವರ ಉಸಿರು.) ಕ್ಲೋರಿನ್ ಹೊತ್ತ ಅಣುವೂ ಅಂಥದೊಂದು ಹೆಗಲೇ. ಎಲೆಕ್ಟ್ರಾನ್ ಸಿಕ್ಕಿದ ಕೂಡಲೇ ಕ್ಲೋರಿನ್ ಅಣುವಿನಿಂದ ಕಳಚಿ ಕ್ಲೋರೈಡ್ ಆಗಿ, ಅಂದರೆ ಅಡುಗೆ ಉಪ್ಪಿನಲ್ಲಿರುವ ರೂಪದಲ್ಲಿ, ನೀರಿಗಿಳಿಯುತ್ತದೆ. ಖಾಲಿಯಾದ ಜಾಗದಲ್ಲಿ ಹೈಡ್ರೋಜನ್ ಬಂದು ಕೂರುತ್ತದೆ. ಬೇರೇನನ್ನೂ ಉಸಿರಾಡಲಾಗದೆ ಇದೊಂದರಲ್ಲೇ ಬದುಕುವ ಬ್ಯಾಕ್ಟೀರಿಯಾ ಉಂಟು: ಡೀಹ್ಯಾಲೊಕೊಕಾಯ್ಡಿಸ್ ಮೆಕಾರ್ಟಿಯೈ. ಆ ಹೆಸರು ಇದೇ ಕೊಲ್ಲಿ ಪ್ರದೇಶದ ಸ್ಟ್ಯಾನ್‌ಫರ್ಡ್‌ನ ಪೆರ್ರಿ ಮೆಕಾರ್ಟಿ ಅವರ ಗೌರವಕ್ಕೆ ಇಟ್ಟದ್ದು. ಚಿಪ್ ಕಾರ್ಖಾನೆಗಳ ಕ್ಲೋರಿನ್ ದ್ರಾವಕಗಳು ಅಂತರ್ಜಲಕ್ಕೆ ಇಳಿದಿರುವ ಕಡೆ ಈ ಜಾತಿಯದೇ ದುಡಿಮೆ.

ಡಿಡಿಟಿಗೆ ಇಷ್ಟು ನಿಷ್ಠೆಯ ಗಿರಾಕಿ ಇಲ್ಲ. ಅದರಲ್ಲಿ ಐದು ಕ್ಲೋರಿನ್: ಮೂರು ಒಂದೇ ಇಂಗಾಲದ ಮೇಲೆ, ಉಳಿದೆರಡು ಎರಡು ಉಂಗುರಗಳ ತುದಿಯಲ್ಲಿ. ಕೆಸರಿನ ಹಲವು ಜೀವಿಗಳು ತಮ್ಮ ಬೇರೆ ಕೆಲಸದ ನಡುವೆ, ಕೈ ತಾಗಿತೆಂಬಂತೆ, ಆ ಮೂರರಲ್ಲಿ ಒಂದನ್ನು ಕಿತ್ತುಬಿಡುತ್ತವೆ. ಆಗ ಉಳಿಯುವುದು ಡಿಡಿಡಿ. ಉಂಗುರದ ಕ್ಲೋರಿನ್ ಸುಲಭಕ್ಕೆ ಜಗ್ಗದು.

ಡಿಡಿಡಿ ಆದರೆ ವಿಷ ಇಳಿಯಿತೆಂದುಕೊಳ್ಳಬೇಡಿ. ಕೊಲ್ಲಿಯ ಉತ್ತರಕ್ಕಿರುವ ಕ್ಲಿಯರ್ ಲೇಕ್‌ನಲ್ಲಿ ನುಸಿ ಕೊಲ್ಲಲು 1949, 1954, 1957ರಲ್ಲಿ ಸುರಿದದ್ದು ಇದೇ ಡಿಡಿಡಿಯನ್ನು, ಅದೂ ಡಿಡಿಟಿಗಿಂತ ಸೌಮ್ಯವೆಂದು. ಮೀನು ತಿನ್ನುವ ಗ್ರೀಬ್ ಹಕ್ಕಿಗಳು ಸತ್ತು ತೇಲಿದವು. ರೇಚಲ್ ಕಾರ್ಸನ್ 1962ರ ‘ಸೈಲೆಂಟ್ ಸ್ಪ್ರಿಂಗ್’ನಲ್ಲಿ ಅದನ್ನು ಬರೆದಿದ್ದಾರೆ. ಸೂಕ್ಷ್ಮಜೀವಿ ಅರ್ಧ ಮಾಡಿ ಬಿಟ್ಟ ಸರಕನ್ನೇ ಮನುಷ್ಯ ಡಬ್ಬಕ್ಕೆ ತುಂಬಿ ಮಾರಿದ್ದ!

ಹಾಗಂತ ಕೆಸರಿನವರು ಎಲ್ಲೆಡೆಯೂ ಸೋತವರಲ್ಲ. ನಮ್ಮ ಹಳ್ಳಿಗಳಲ್ಲಿ ಗಮಾಕ್ಸಿನ್ ಎಂದು ಕರೆಯುತ್ತಿದ್ದ ಬಿಎಚ್‌ಸಿ ಕೀಟನಾಶಕ ಪುಡಿ ನೆನಪಿದೆಯಲ್ಲ? ಉಂಗುರದ ಸುತ್ತ ಆರು ಕ್ಲೋರಿನ್. ಅದರ ಗಾಮಾ ರೂಪ ನೀರು ನಿಂತ ಗದ್ದೆಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿಂದ ಒಡೆಯುತ್ತದೆ ಎಂದು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ ಕೆ. ರಘು ಮತ್ತು ಐ.ಸಿ. ಮೆಕ್ರೇ 1966ರಲ್ಲಿ ವರದಿ ಮಾಡಿದರು. ಅಲ್ಲೇ ದುಡಿದ ಎನ್. ಸೇತುನಾಥನ್ ಅಂಥ ಒಂದು ಬ್ಯಾಕ್ಟೀರಿಯಾವನ್ನು ಗದ್ದೆಮಣ್ಣಿನಿಂದ ಬೇರ್ಪಡಿಸಿದರು. ಮುಂದೆ ಕಟಕ್‌ನಲ್ಲೂ ಇದೇ ಜಾಡು ಹಿಡಿದರು. ಒಣ ಹೊಲದಲ್ಲಿ ಹಟ ಹಿಡಿದು ಕೂರುವ ಪುಡಿ ಕೆಸರುಗದ್ದೆಯಲ್ಲಿ ಬೇಗ ಸೋಲುತ್ತದೆ.

ಗದ್ದೆಯ ಈ ಭಾಗ್ಯ ರಿಚ್ಮಂಡ್‌ಗೇಕಿಲ್ಲ? ಅಣು ಬೇರೆ, ಅದು ಮೊದಲನೆಯದು. ಬೆಚ್ಚಗಿನ ನೀರು, ಕೊಳೆಯುವ ಕೂಳೆ, ಹುಲ್ಲು ಗದ್ದೆಯಲ್ಲಿ ಧಾರಾಳ. ಕೊಲ್ಲಿಯದು ಉಪ್ಪುನೀರು, ಅದರಲ್ಲಿ ಸಲ್ಫೇಟ್ ಹೇರಳ. ಸುಲಭದ ಹೆಗಲು ಕೈಗೆ ಸಿಗುವಾಗ ಕ್ಲೋರಿನ್ ಅಣುವಿನ ಗೊಡವೆ ಯಾರಿಗೆ ಬೇಕು? ಲಾಸ್ ಏಂಜಲೀಸ್ ಹೊರಗಿನ ಕಡಲತಳದ ಕೆಸರನ್ನು ಸೀಸೆಯಲ್ಲಿಟ್ಟು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ನಡೆಸಿ, 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಡಿಡಿಟಿಯ ಇನ್ನೊಂದು ಉಳಿಕೆಯಾದ ಡಿಡಿಇ ಕೂಡ ಕ್ಲೋರಿನ್ ಕಳೆದುಕೊಂಡಿತು. ಸಲ್ಫೇಟ್ ಇದ್ದಲ್ಲಿ ಆ ಕೆಲಸ ನಿಧಾನವಾಯಿತು. ಇದರ ಮೇಲೆ, ಡಿಡಿಟಿ ನೀರಿಗೆ ಒಲಿಯದೆ ಕೆಸರಿನ ಜಿಡ್ಡಿಗೇ ಅಂಟಿಕೊಳ್ಳುವ ಅಣು. ಸೂಕ್ಷ್ಮಜೀವಿಯ ಕೈಗೆ ಅದು ಸಿಗುವುದೇ ಚೂರುಚೂರಾಗಿ.

ಆದ್ದರಿಂದ ‘ಪ್ರಕೃತಿ ತಾನೇ ಸರಿಮಾಡಿಕೊಳ್ಳುತ್ತದೆ’ ಎಂಬ ಮಾತನ್ನು ಲಾರಿಟ್ಸನ್ ಕಾಲುವೆಯ ದಡದಲ್ಲಿ ನಾನಂತೂ ಆಡಲಾರೆ. ಸನಿವೇಲ್, ಫ್ರೀಮಾಂಟ್ ಕಡೆಯ ನಮ್ಮವರು ವಾರಾಂತ್ಯಕ್ಕೆ ಗಾಳ ಹಿಡಿದು ಹೊರಟರೆ ಒಂದು ಮಾತು ನೆನಪಿರಲಿ: ಕೊಲ್ಲಿಯ ಉಳಿದೆಡೆ ಯಾವ ಮೀನು, ವಾರಕ್ಕೆ ಎಷ್ಟು ಎಂದು ಲೆಕ್ಕ ಹೇಳುವ ಕ್ಯಾಲಿಫೋರ್ನಿಯಾದ ಆರೋಗ್ಯ ಸೂಚನೆ, ಈ ಕಾಲುವೆಯ ಮೀನು, ಚಿಪ್ಪುಜೀವಿ ಯಾವುದನ್ನೂ ತಿನ್ನಲೇಬೇಡಿ ಎನ್ನುತ್ತದೆ.