ಒಬ್ಬನ ಹೊರೆ ಇನ್ನೊಬ್ಬನ ಹೆಗಲಿಗೇಕೆ?

ಎಲ್ಲಿಯೋ ಬಾಂಬ್ ಸ್ಫೋಟಿಸಿದ ಸುದ್ದಿ ಬಂದೊಡನೆ ಚಿಕ್ಕನಾಯಕನಹಳ್ಳಿಯಂತಹ ಪುಟ್ಟ ಊರಿನ ಮುಸ್ಲಿಮ್ ಮನೆಗಳಲ್ಲಿಯೂ ಎರಡು ಸಂಕಟಗಳು ಒಟ್ಟಿಗೆ ಹುಟ್ಟುತ್ತವೆ. ಒಂದು, ಮಡಿದ ಅಮಾಯಕರಿಗಾಗಿ ಮಿಡಿಯುವ ಸಂಕಟ. ಇನ್ನೊಂದು, ಆರೋಪಿಯ ಹೆಸರು ಏನಿರುವುದೋ ಎಂಬ ಆತಂಕ. ಬೆಂಗಳೂರಿನಲ್ಲಿ ಓದುತ್ತಿರುವ ಮಗನಿಗೆ ತಾಯಿ ಫೋನು ಮಾಡಿ, “ಬೇಟಾ, ಇಂದು ಹೊರಗೆ ಹೋಗಬೇಡ, ಯಾರೊಡನೆಯೂ ವಾದಿಸಬೇಡ” ಎನ್ನುತ್ತಾಳೆ. ಯಾವ ತಪ್ಪನ್ನೂ ಮಾಡದ ಹುಡುಗನು ತಲೆ ತಗ್ಗಿಸಿ ನಡೆಯಬೇಕಾಗುತ್ತದೆ.

ಈ ಆತಂಕವು ಬರಿಯ ಕಲ್ಪನೆಯಲ್ಲ. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿ ನಡೆಯಿತು. ದಾಳಿಕೋರರಲ್ಲಿ ಬೆಂಗಳೂರಿನ ಕಫೀಲ್ ಅಹ್ಮದ್ ಒಬ್ಬನಾಗಿದ್ದನು. ಅದನ್ನು ನಾವು ಮುಚ್ಚಿಡಬೇಕಾಗಿಲ್ಲ. ಅದು ಘೋರ ಅಪರಾಧವೇ ಸರಿ. ಆದರೆ ಎರಡೇ ದಿನಗಳಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಬಂಧಿತರಾದವರು ಮೂಡಿಗೆರೆ ಮೂಲದ ವೈದ್ಯ ಡಾ. ಮುಹಮ್ಮದ್ ಹನೀಫ್. ಆಗಷ್ಟೇ ಹುಟ್ಟಿದ ಮಗಳನ್ನು ಕಾಣಲು ಅವರು ಊರಿಗೆ ಹೊರಟಿದ್ದರು. ಬ್ರಿಟನ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಬಂಧುವೊಬ್ಬನಿಗೆ, ಕಫೀಲನ ಸಹೋದರನಿಗೆ, ಕೊಟ್ಟು ಬಂದಿದ್ದುದೇ ಅವರಿಗೆ ಮುಳುವಾಯಿತು. ಆ ಸಿಮ್ ಗ್ಲಾಸ್ಗೋದಲ್ಲಿ ಉರಿದ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ವಾಸ್ತವದಲ್ಲಿ ಅದು ಸಿಕ್ಕಿದ್ದು ಲಿವರ್‌ಪೂಲಿನಲ್ಲಿ. ಜುಲೈ 27ರಂದು ಆರೋಪವನ್ನು ಕೈಬಿಡಲಾಯಿತು. ಮುಂದೆ ವಿಚಾರಣಾ ಆಯೋಗವು ಅವರನ್ನು ನಿರ್ದೋಷಿಯೆಂದಿತು. 2010ರಲ್ಲಿ ಆ ಸರಕಾರವು ಕ್ಷಮೆ ಕೇಳಿ ಪರಿಹಾರವನ್ನೂ ನೀಡಿತು.

ಹನೀಫರು ಕಳೆದುಕೊಂಡದ್ದು 25 ದಿನಗಳು. ನಮ್ಮದೇ ಕಲಬುರಗಿಯ ನಿಸಾರುದ್ದೀನ್ ಅಹ್ಮದರು ಕಳೆದುಕೊಂಡದ್ದು ಯೌವನವನ್ನೇ. 1993ರ ರೈಲು ಸ್ಫೋಟಗಳ ಪ್ರಕರಣದಲ್ಲಿ 1994ರ ಜನವರಿಯಲ್ಲಿ ಬಂಧಿತರಾದಾಗ ಅವರು ಫಾರ್ಮಸಿ ವಿದ್ಯಾರ್ಥಿ. ಸುಪ್ರೀಮ್ ಕೋರ್ಟು ಅವರನ್ನು ಖುಲಾಸೆಗೊಳಿಸಿದ್ದು 2016ರ ಮೇ ತಿಂಗಳಿನಲ್ಲಿ. ಬಂಧನದ ದಿನ ಅಬ್ಬರಿಸುವ ಮಾಧ್ಯಮಗಳು ಬಿಡುಗಡೆಯ ದಿನ ಪಿಸುಗುಟ್ಟುವುದೇಕೆ? ಆ 22 ವರ್ಷಗಳನ್ನು ಹಿಂದಿರುಗಿಸುವವರು ಯಾರು?

“ಭದ್ರತೆಗಾಗಿ ಸಂಶಯಪಡುವುದು ಅನಿವಾರ್ಯ” ಎನ್ನುವವರಿದ್ದಾರೆ. ನಮ್ಮ ಸೀಮೆಯ ಕೊಬ್ಬರಿ ವ್ಯಾಪಾರಿಯಾದರೂ ಅವರಿಗಿಂತ ನ್ಯಾಯವಂತ. ಆತನು ಒಂದು ಗಿಟಕು ಕೆಟ್ಟಿತೆಂದು ಇಡೀ ಅಟ್ಟದ ಮಾಲನ್ನು ಬಿಸಾಡುವುದಿಲ್ಲ. ಒಂದೊಂದನ್ನೂ ಕೈಯಲ್ಲಿ ಹಿಡಿದು ಪರೀಕ್ಷಿಸುತ್ತಾನೆ. ಮನುಷ್ಯನಿಗೆ ಅಷ್ಟು ಮರ್ಯಾದೆಯೂ ಬೇಡವೇ? ಸಾಕ್ಷ್ಯವನ್ನು ಬಿಟ್ಟು ಹೆಸರನ್ನು ಬೆನ್ನಟ್ಟಿದಾಗ ನಿರಪರಾಧಿ ಸೆರೆಯಾಗುತ್ತಾನೆ. ನಿಜವಾದ ಅಪರಾಧಿ ನಿಶ್ಚಿಂತೆಯಿಂದಿರುತ್ತಾನೆ. ಇದರಿಂದ ಯಾರಿಗೆ ಭದ್ರತೆ?

ಪವಿತ್ರ ಕುರ್‌ಆನಿನ ಮಾರ್ಗದರ್ಶನವು ಇಲ್ಲಿ ಸುಸ್ಪಷ್ಟವಾಗಿದೆ. ಸುದ್ದಿ ಬಂದಾಗ ಪರಿಶೀಲಿಸಬೇಕೆಂದೂ ಅತಿಯಾದ ಗುಮಾನಿಯಿಂದ ದೂರವಿರಬೇಕೆಂದೂ ಅಲ್‌ಹುಜುರಾತ್ ಅಧ್ಯಾಯವು ಆದೇಶಿಸುತ್ತದೆ. ಯಾರೂ ಇನ್ನೊಬ್ಬರ ಪಾಪದ ಹೊರೆಯನ್ನು ಹೊರುವುದಿಲ್ಲವೆಂದು ಅಲ್‌ಅನ್‌ಆಮ್ ಅಧ್ಯಾಯವು ಸಾರುತ್ತದೆ. ಮದೀನದಲ್ಲಿ ಕಳವು ಮಾಡಿದವನೊಬ್ಬ ಮುಸ್ಲಿಮನೆನಿಸಿಕೊಂಡವನಾಗಿದ್ದನು. ಆರೋಪ ಹೊತ್ತವನು ಒಬ್ಬ ಯಹೂದಿ. ಆ ಯಹೂದಿಯು ನಿರಪರಾಧಿಯೆಂದು ಸಾರಲು ಅನ್ನಿಸಾ ಅಧ್ಯಾಯದ ಸೂಕ್ತಗಳು ಅವತೀರ್ಣವಾದವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಸ್ವಜನರೆಂಬ ಕಾರಣಕ್ಕೆ ಅಲ್ಲಾಹನು ತಪ್ಪಿತಸ್ಥನನ್ನು ಸಮರ್ಥಿಸಲು ಬಿಡಲಿಲ್ಲ.

ಆದುದರಿಂದ ಈ ಮಾತು ನಮಗೂ ಅನ್ವಯಿಸುತ್ತದೆ. ಕೊಲೆಗಾರನು ನಮ್ಮ ಹೆಸರಿನವನಾದರೆ ನೆಪ ಹುಡುಕದೆ ಖಂಡಿಸೋಣ. ಆದರೆ ಅವನ ಪರವಾಗಿ ಕ್ಷಮೆ ಯಾಚಿಸುವ ಋಣ ನಮಗಿಲ್ಲ. ಒಬ್ಬ ದುಷ್ಟನ ಕೃತ್ಯಕ್ಕೆ ನೆರೆಯ ಸಮುದಾಯವನ್ನೆಲ್ಲ ದೂಷಿಸುವ ಚಾಳಿ ನಮ್ಮ ಮನೆಗಳಲ್ಲಿಯೂ ಇದ್ದರೆ ಅದನ್ನು ಇಂದೇ ಬಿಡೋಣ. ಎಲ್ಲಕ್ಕಿಂತ ಮಿಗಿಲಾಗಿ, ಆರೋಪಿಯ ಮನೆಯ ಬಾಗಿಲನ್ನು ಮೊದಲು ತೊರೆಯುವವರು ಹಲವೊಮ್ಮೆ ನಾವೇ ಅಲ್ಲವೇ? ಮದುವೆ ಸಂಬಂಧ ನಿಲ್ಲುತ್ತದೆ, ಸಲಾಮ್ ಕೂಡ ನಿಲ್ಲುತ್ತದೆ. ತೀರ್ಪಿಗೆ ಮುನ್ನವೇ ಆ ತಾಯಿಯನ್ನು ಶಿಕ್ಷಿಸುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು? ಅವಳ ಮನೆಗೆ ಹೋಗೋಣ, ವಕೀಲರನ್ನು ಹುಡುಕಲು ನೆರವಾಗೋಣ, ಕಾನೂನಿನ ದಾರಿಯಲ್ಲಿ ಜೊತೆಗೆ ನಿಲ್ಲೋಣ.

ನ್ಯಾಯವನ್ನು ಬೇಡುವವರು ಮೊದಲು ನ್ಯಾಯವಂತರಾಗಬೇಕು. ಅಲ್ಲಾಹನು ನಮಗೆ ಆ ಧೈರ್ಯವನ್ನು ಕರುಣಿಸಲಿ. ಆಮೀನ್.