ಹುಲ್ಲುಹಾಸಿನ ಕೆಳಗಿನ ಮನೆಗಳು

ಇವತ್ತು ಜೀವಕೋಶಗಳನ್ನು ಬಿಟ್ಟು ಸ್ವಲ್ಪ ಮಣ್ಣಿಗೆ ಇಳಿಯೋಣ. ಪದವಿ ಓದುವ ಮಕ್ಕಳು ಮಾಡುವ ಸಂಶೋಧನೆಗೆ ಬೆಲೆ ಇದೆಯಾ? "ಅದೆಲ್ಲ ಅಭ್ಯಾಸಕ್ಕೆ ಅಷ್ಟೇ, ನಿಜವಾದದ್ದು ಪಿಎಚ್‌ಡಿಯಿಂದ ಶುರು" ಅನ್ನೋರು ನನ್ನ ವೃತ್ತಿಯಲ್ಲೇ ಬಹಳ ಜನ. ನಾನು ಒಪ್ಪಲ್ಲ.

ಡೆಟ್ರಾಯಿಟ್‌ನಲ್ಲಿ ಮಿಷಿಗನ್ ಸೆಂಟ್ರಲ್ ಅಂತ ಭಾರೀ ರೈಲು ನಿಲ್ದಾಣ ಇದೆ. 1913ರಲ್ಲಿ ತೆರೆದದ್ದು, 1988ರಲ್ಲಿ ಮುಚ್ಚಿತು. ಅದರ ಮುಂದಿರೋದು ರೂಸ್‌ವೆಲ್ಟ್ ಪಾರ್ಕ್. ನಿಲ್ದಾಣದ ಮುಂದೆ ಅಂದವಾದ ಅಂಗಳ ಇರಲಿ ಅಂತ, ಅಲ್ಲಿದ್ದ ಮನೆಗಳನ್ನು ಕೆಡವಿ ಮಾಡಿದ ಹುಲ್ಲುಹಾಸು ಅದು. ಸುಮಾರು ನೂರು ವರ್ಷ ಆದಮೇಲೆ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಪುರಾತತ್ವಜ್ಞೆ ಕ್ರಿಸ್ಟಾ ರಿಜೆವ್ಸ್ಕಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಅಲ್ಲಿ ಅಗೆಸಿದರು. ಆ ಮನೆಗಳ ಅವಶೇಷ ಸಿಕ್ಕಿತು. 2018ರಲ್ಲಿ ಫೋರ್ಡ್ ಕಂಪನಿ ನಿಲ್ದಾಣ ಕೊಂಡು, ರಿಪೇರಿ ಮಾಡಿ, 2024ರಲ್ಲಿ ಮತ್ತೆ ತೆರೆಯಿತು. ಈಗ ಅದು ತಂತ್ರಜ್ಞಾನದ ಬಡಾವಣೆ. ಅಲ್ಲಿ ಮೊದಲು ಯಾರ ಅಡುಗೆಮನೆ ಇತ್ತು ಅನ್ನೋದಕ್ಕೆ ಸಾಕ್ಷಿ ತೆಗೆದಿಟ್ಟವರಲ್ಲಿ ವಿದ್ಯಾರ್ಥಿಗಳೂ ಇದ್ದಾರೆ.

ಶಿಕಾಗೋದ ಕಥೆಯೂ ಇಂಥದ್ದೇ. 1893ರ ವಿಶ್ವ ಪ್ರದರ್ಶನ ಗೊತ್ತಲ್ಲ, ವಿವೇಕಾನಂದರು ಮಾತಾಡಿದ ಸಮ್ಮೇಳನ ನಡೆದದ್ದು ಅದರ ಅಂಗವಾಗಿಯೇ. ಆ ಜನಜಂಗುಳಿಗೆಂದು ಮೆಕ್ಕಾ ಫ್ಲಾಟ್ಸ್ ಅನ್ನೋ ಕಟ್ಟಡ ಎದ್ದಿತ್ತು. ಮುಂದೆ ಅದು ಕಪ್ಪು ಜನರ ಕುಟುಂಬಗಳಿಗೆ ಮನೆಯಾಯಿತು. ಪಕ್ಕದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಕ್ಯಾಂಪಸ್ ಬೆಳೆಸೋಕೆ 1952ರಲ್ಲಿ ಅದನ್ನು ಕೆಡವಿತು. ಅದೇ ಜಾಗದಲ್ಲಿ 1956ಕ್ಕೆ ಮೀಸ್ ವಾನ್ ಡೆರ್ ರೋ ಅವರ ಗಾಜಿನ ಕ್ರೌನ್ ಹಾಲ್ ಬಂತು. 2018ರಲ್ಲಿ ಕೆಲಸಗಾರರು ಅಲ್ಲಿ ನೆಲ ಅಗೆದಾಗ ಹಳೇ ನೆಲಮಾಳಿಗೆಯ ಬಣ್ಣದ ಟೈಲ್ಸ್ ಹೊರಬಿತ್ತು. ಅರವತ್ತು ವರ್ಷ ವಾಸ್ತುಶಿಲ್ಪದ ಮಕ್ಕಳು ಅದರ ಮೇಲೇ ಕೂತು ಪಾಠ ಕೇಳಿದ್ದರು!

ಇದೇ ಸಂಸ್ಥೆ ಎಂಜಿನಿಯರಿಂಗ್, ವಾಸ್ತುಶಿಲ್ಪ, ಬಿಸಿನೆಸ್ ಓದುವವರನ್ನು ಒಂದೇ ತಂಡದಲ್ಲಿ ಸೇರಿಸಿ ಪ್ರಾಜೆಕ್ಟ್ ಮಾಡಿಸುತ್ತದೆ. ಕ್ರಮ ಒಳ್ಳೆಯದು. ಆದರೆ ನಾಲ್ಕು ವಿಭಾಗದವರನ್ನು ಒಂದು ಮೇಜಿಗೆ ಕೂರಿಸಿದ ತಕ್ಷಣ ಸಂಶೋಧನೆ ಹುಟ್ಟಲ್ಲ, ಬಹಳ ಸಲ ಹುಟ್ಟೋದು ಒಂದು ಆ್ಯಪ್, ಒಂದು ಲೋಗೋ. ಆ ಟೈಲ್ಸ್ ತುಂಡು ಹಾಗಲ್ಲ. ಅದರ ಮಣ್ಣು ಎಲ್ಲಿಯದು, ಅದರ ಮೇಲೆ ಯಾರು ಓಡಾಡಿದರು, ಕೆಡವಿದ್ದರಿಂದ ಯಾರಿಗೆ ಲಾಭ, ಈಗ ಜನರಿಗೆ ಹೇಗೆ ತೋರಿಸಬೇಕು? ಒಬ್ಬರಿಂದ ಆಗೋ ಕೆಲಸ ಅಲ್ಲ.

ನಮ್ಮ ಕಡೆ ನೋಡಿ. 2024–25ರಿಂದ ಕರ್ನಾಟಕ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇನ್ನೊಂದು ವರ್ಷದ ಖರ್ಚು ಹೊರಲಾರದ ಮನೆಗಳಿವೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಾಲ್ಕನೇ ವರ್ಷದ ಜೊತೆಗೆ ಅದರಲ್ಲಿದ್ದ ಸಂಶೋಧನೆಯೂ ಹೋಯಿತು. ಉಳಿದಿರೋದು ಎಷ್ಟೋ ಕಡೆ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ, ಬೈಂಡ್ ಮಾಡಿದ ಪ್ರಾಜೆಕ್ಟ್. ಮೂರು ವರ್ಷದೊಳಗೇ ಒಂದು ಸೆಮಿಸ್ಟರ್ ಇದಕ್ಕೆ ಮೀಸಲಿಡಬಹುದಲ್ಲ?

ವಿಷಯಕ್ಕೇನು ಬರವಿಲ್ಲ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ದಿಬ್ಬಗಳು ಇನ್ನೂ ನಿಂತಿವೆ. ಅದರ ಮೇಲೆ ಯಾವ ಗಿಡ ಬೇರು ಬಿಡುತ್ತೆ ಅಂತ ನಮ್ಮ ಬಯಾಲಜಿ ಮಕ್ಕಳು ನೋಡಲಿ. ಮಳೆ ನೀರಲ್ಲಿ ಏನು ಹರಿದು ಹೋಗುತ್ತೆ ಅಂತ ಕೆಮಿಸ್ಟ್ರಿಯವರು ಅಳೆಯಲಿ. ಕಾರ್ಮಿಕರ ಸಾಲುಮನೆಗಳ ನಕ್ಷೆಯನ್ನು ಇತಿಹಾಸದವರು ಬರೆಯಲಿ. ಗಣಿ ಮುಚ್ಚಿದ ಮೇಲೆ ದಿನಾ ಬೆಳಗ್ಗೆ ಬೆಂಗಳೂರಿನ ರೈಲು ಹತ್ತುವವರ ದುಡಿಮೆಯ ಲೆಕ್ಕ ಕಾಮರ್ಸ್‌ನವರದು. ಆ ರೈಲಲ್ಲಿ ಕಾಲೇಜಿಗೆ ಹೋಗೋ ಮಕ್ಕಳೂ ಇದ್ದಾರೆ. ಅವರ ಬ್ಯಾಗಲ್ಲಿ ಈ ವರ್ಷ ಯಾವ ಪ್ರಾಜೆಕ್ಟ್ ಇದೆ?