ವೈವಾದಲ್ಲಿ ನಾವು ಹೇಳೋ ಅರ್ಧ ಉತ್ತರ

ಎಸ್‌ಕ್ಯುಎಲ್ ಇಂಜೆಕ್ಷನ್ ತಡೆಯೋದು ಹೇಗೆ ಅಂತ ವೈವಾದಲ್ಲಿ ಕೇಳಿದ್ರೆ ನಾವೆಲ್ಲ ಒಂದೇ ಉಸಿರಲ್ಲಿ ಹೇಳ್ತೀವಿ: 'ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಬೇಕು ಸರ್.' ಮಾರ್ಕ್ಸ್ ಸಿಗುತ್ತೆ. ಆದ್ರೆ ಅದು ಅರ್ಧ ಉತ್ತರ.

ಡಿಬಿಎಂಎಸ್ ಮಿನಿ ಪ್ರಾಜೆಕ್ಟ್‌ಗೆ ನಾವು ಸಂತೆಕಲ್ಲೂರು ಸುತ್ತಮುತ್ತಲಿನ ಹತ್ತಿ, ಜೋಳದ ದರ ತೋರಿಸೋ ಆ್ಯಪ್ ಮಾಡಿದ್ವಿ. ತಾಲೂಕಿಗೊಂದು ಟೇಬಲ್: ಸಿಂಧನೂರು, ಲಿಂಗಸುಗೂರು, ಮಸ್ಕಿ. ಟೇಬಲ್ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ರೆ ಎರರ್. ಯಾಕಂದ್ರೆ ಡೇಟಾಬೇಸ್ ಮೊದಲು ಕ್ವೆರಿಯ ರಚನೆ ಓದುತ್ತೆ, ವ್ಯಾಲ್ಯೂ ಆಮೇಲೆ ಬರುತ್ತೆ. ಯಾವ ಟೇಬಲ್ ಅಂತಾನೇ ಗೊತ್ತಿಲ್ಲದೆ ಅದು ಮುಂದೆ ಹೋಗಲ್ಲ. ಆರ್ಡರ್ ಬೈ ಇನ್ನೂ ಮೋಸ. ಕಾಲಂ ಹೆಸರನ್ನ ಬರೀ ಸ್ಟ್ರಿಂಗ್ ಅಂದ್ಕೊಂಡು, ಎಷ್ಟೋ ಸಲ ಎರರೂ ಕೊಡದೆ, ಸಾರ್ಟೂ ಮಾಡದೆ ಸುಮ್ಮನಿದ್ದುಬಿಡುತ್ತೆ.

ಆಗ ನಾವು ಮಾಡಿದ್ದೇನು? ಪ್ಲಸ್ ಹಾಕಿ ಸ್ಟ್ರಿಂಗ್ ಜೋಡಿಸಿದ್ವಿ. 'ಡ್ರಾಪ್‌ಡೌನ್ ಇದೆಯಲ್ಲ' ಅನ್ನೋ ಧೈರ್ಯ. ಡ್ರಾಪ್‌ಡೌನ್ ಇರೋದು ಬ್ರೌಸರ್‌ನಲ್ಲಿ. ಸರ್ವರ್‌ಗೆ ಯಾರು ಏನು ಬೇಕಾದ್ರೂ ಕಳಿಸಬಹುದು.

ಸರಿಯಾದ ದಾರಿ ಕಷ್ಟವೇನಲ್ಲ. ಒಪ್ಪೋ ಹೆಸರುಗಳ ಪಟ್ಟಿ ಸರ್ವರ್‌ನಲ್ಲೇ ಇರಲಿ. ಬಂದದ್ದು ಪಟ್ಟಿಯಲ್ಲಿದ್ರೆ ನಾವು ಬರೆದಿಟ್ಟ ಹೆಸರನ್ನೇ ಕ್ವೆರಿಗೆ ಹಾಕೋಣ, ಇಲ್ಲಾಂದ್ರೆ ವಾಪಸ್. ಪಟ್ಟಿ ಮಾಡೋಕಾಗದ ಕಡೆ ಪೋಸ್ಟ್‌ಗ್ರೆಸ್‌ನಲ್ಲಿ ಕೋಟ್ ಐಡೆಂಟ್, ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಕೋಟ್‌ನೇಮ್ ಇವೆ.

ಅದಕ್ಕಿಂತ ಒಳ್ಳೇದು, ತಾಲೂಕನ್ನ ಟೇಬಲ್ ಹೆಸರಾಗಿಸದೆ ಒಂದು ಕಾಲಂ ಮಾಡೋದು. ಆಗ ಪ್ರಶ್ನಾರ್ಥಕ ಚಿಹ್ನೆಯೇ ಸಾಕು. ಲಿಂಗಸುಗೂರು ತಾಲೂಕಲ್ಲಿದ್ದ ಸಂತೆಕಲ್ಲೂರು ಈಗ ಮಸ್ಕಿಗೆ ಸೇರಿದೆ. ಅದಕ್ಕೂ ಒಂದೇ ಅಪ್‌ಡೇಟ್. ಡಿಸೈನ್ ಸರಿಯಿದ್ರೆ ಅರ್ಧ ಸೆಕ್ಯೂರಿಟಿ ಅಲ್ಲೇ ಬಂತು. ಇದನ್ನೂ ವೈವಾದಲ್ಲಿ ಹೇಳೋಣ.